ಎರಡನೆಯ ಸುತ್ತು

ದೀರ್ಘಪ್ರವಾಸಗಳ ಆರಂಭವನ್ನು ಕುರಿತು ಬರೆದವರು ಬಹುಮಂದಿ. ಅವುಗಳ ಅಂತ್ಯವನ್ನು ಕುರಿತು ಬರೆದವರು ವಿರಳ. ಹೊರಡುವ ಮುನ್ನಿನ ಸಡಗರ, ವಿಮಾನವು ನೆಲವನ್ನು ಬಿಟ್ಟಾಗಿನ ಪುಳಕ, ಪರದೇಶದ ಮೊದಲ ಬೀದಿಯಲ್ಲಿ ಕಣ್ಣಿಗೆ ಬಿದ್ದ ಮೊದಲ ವಿಚಿತ್ರ, ಇವಕ್ಕೆ ಪುಟಗಟ್ಟಲೆ ಸ್ಥಳವನ್ನು ಮೀಸಲಿಡುವ ನಮ್ಮ ಪ್ರವಾಸಕಥನಕಾರರು ಕಡೆಯ ದಿನಗಳಿಗೆ ಬಂದೊಡನೆ, ಸಾಮಾನು ಕಟ್ಟುವ ಅವಸರವು ಲೇಖನಿಗೂ ತಗುಲಿತೋ ಎಂಬಂತೆ, ‘ಅಲ್ಲಿಂದ ಹೊರಟು ಸುಖವಾಗಿ ಊರು ಸೇರಿದೆವು’ ಎಂದು ಒಂದೇ ವಾಕ್ಯದಲ್ಲಿ ಕಥೆಯನ್ನು ಮುಗಿಸಿಬಿಡುತ್ತಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಕುಟುಂಬಸಮೇತವಾಗಿ ಕೈಗೊಂಡ ಪ್ರವಾಸದ ಕಡೆಯ ದಿನಗಳೆಂದರೆ ಒಗೆಯದ ಬಟ್ಟೆಯ ಗಂಟುಗಳು, ಕ್ಷೀಣಿಸುತ್ತಿರುವ ಹಣ, ಮುಗಿಯಬಂದ ರಕ್ತದೊತ್ತಡದ ಮಾತ್ರೆಗಳು, ಮತ್ತು ಒಬ್ಬರ ಸಾಧಾರಣವಾದ ಮಾತೂ ಇನ್ನೊಬ್ಬರಿಗೆ ಚುಚ್ಚುಮಾತಾಗಿ ಕೇಳಿಸುವಂಥ ಒಂದು ಬಗೆಯ ಸಾಮೂಹಿಕ ದಣಿವು. ಇವನ್ನು ಯಾರು ಬರೆದಾರು, ಬರೆದರೂ ಯಾರು ಓದಿಯಾರು? ಆದರೂ ಈಚೆಗೆ ನಾವು ಆಗ್ನೇಯ ಏಷ್ಯದಲ್ಲಿ ಮಾಡಿದ ಸಂಚಾರವನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದೇನೆಂದರೆ, ಅದರ ಪೂರ್ವಾರ್ಧವೆಲ್ಲ ನೆನಪಿನಿಂದ ಅಳಿಸಿಹೋದರೂ ನಷ್ಟವು ಅಲ್ಪ. ಕಾಂಬೋಡಿಯದಲ್ಲಿ ಕಳೆದ ಕಡೆಯ ದಿನಗಳು ಅಳಿಸಿಹೋದರೆ ಮಾತ್ರ ಆ ಪ್ರವಾಸವನ್ನು ಮಾಡಿಯೂ ಮಾಡದಂತೆಯೇ ಸರಿ.

ಪೂರ್ವಾರ್ಧವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಂಗಪುರವು ಶುಭ್ರವಾಗಿದೆ, ದುಬಾರಿಯಾಗಿದೆ. ಅದನ್ನು ಕುರಿತು ಹೊಸದಾಗಿ ಹೇಳುವುದು ಯಾವುದೂ ಉಳಿದಿಲ್ಲ. ಮಲಾಕ್ಕದಲ್ಲಿ ಪೋರ್ಚುಗೀಸರ ಕೋಟೆಯ ಪೈಕಿ ಉಳಿದಿರುವ ಒಂದೇ ಬಾಗಿಲಿನ ಮುಂದೆ ನಿಂತು, ೧೫೧೦ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವೆಯನ್ನು ಹಿಡಿದ ಅಲ್ಬುಕರ್ಕನೇ ಮರುವರ್ಷ ಈ ರೇವುಪಟ್ಟಣವನ್ನೂ ವಶಪಡಿಸಿಕೊಂಡನೆಂಬ ವೃತ್ತಾಂತವನ್ನು ಮಕ್ಕಳಿಗೆ ಉತ್ಸಾಹದಿಂದ ವಿವರಿಸಿದೆ. ಅವರ ಕಣ್ಣುಗಳು ಎದುರಿನ ಐಸ್‌ಕ್ರೀಮ್ ಗಾಡಿಯ ಮೇಲಿದ್ದವು. ಪಿನಾಂಗಿನಲ್ಲಿ ಮಳೆ, ಬ್ಯಾಂಕಾಕಿನಲ್ಲಿ ವಾಹನಸಮ್ಮರ್ದ. ೧೭೬೭ರಲ್ಲಿ ಬರ್ಮೀಯರ ಸೇನೆಗೆ ತುತ್ತಾದ ಅಯುತ್ಥಯದಲ್ಲಿ, ಮರದ ಬೇರುಗಳ ನಡುವೆ ಸಿಲುಕಿದ ಬುದ್ಧನ ಶಿರಸ್ಸನ್ನು ಎಲ್ಲರಂತೆ ನಾವೂ ನೋಡಿದೆವು, ಎಲ್ಲರಂತೆ ನಾವೂ ಛಾಯಾಚಿತ್ರ ತೆಗೆದುಕೊಂಡೆವು. ನೋಡಿದ್ದಕ್ಕಿಂತ ನೋಡಿದೆವೆಂದು ಗುರುತುಹಾಕಿಕೊಂಡದ್ದೇ ಹೆಚ್ಚು. ಪಟ್ಟಿಯನ್ನು ಸಿದ್ಧಪಡಿಸಿದ್ದವಳು ಮಗಳು. ಒಂದೊಂದು ಸ್ಥಳವು ಮುಗಿದಂತೆಲ್ಲ ಅದರ ಮೇಲೆ ಗೀಟು ಹಾಕುವುದರಲ್ಲಿ ಅವಳಿಗೆ ಆಗುತ್ತಿದ್ದ ತೃಪ್ತಿಯು ಆ ಸ್ಥಳವನ್ನು ಕಂಡಾಗ ಆಗುತ್ತಿತ್ತೇ ಎಂಬುದು ನನ್ನ ಸಂಶಯ.

ಆ ಪಟ್ಟಿಯ ಪ್ರಕಾರ ನಾವು ಕಾಂಬೋಡಿಯದ ಸಿಯೆಮ್ ರೀಪಿನಲ್ಲಿ ಸ್ವಲ್ಪಕಾಲ ಮಾತ್ರ ತಂಗಿ, ರಾಜಧಾನಿಯಾದ ನೋಮ್ ಪೆನ್ನಿಗೂ ಅಲ್ಲಿಂದ ಲಾವೋಸಿನ ಲುವಾಂಗ್ ಪ್ರಬಾಂಗಿಗೂ ಹೋಗಿ, ಆಮೇಲೆ ಬ್ಯಾಂಕಾಕಿನ ಮಾರ್ಗವಾಗಿ ಬೆಂಗಳೂರಿಗೆ ಮರಳತಕ್ಕದ್ದಾಗಿತ್ತು. ಆದರೆ ಎಪ್ಪತ್ತು ದಾಟಿದ ನಮ್ಮ ತಾಯಿಯವರ ಪಾದಗಳು ಬ್ಯಾಂಕಾಕಿನಲ್ಲಿಯೇ ಊದಿಕೊಂಡಿದ್ದವು. ಸಿಯೆಮ್ ರೀಪಿನ ವಸತಿಗೃಹದ ಹಜಾರದಲ್ಲಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕುಳಿತಿದ್ದ ಅವರು, ಮುಂದಿನ ವಿಮಾನದ ವೇಳೆಯನ್ನು ನಾನು ಓದಿ ಹೇಳುತ್ತಿದ್ದಂತೆ, “ನೋಡಿದ್ದು ಸಾಕು ಕಣೋ. ಇನ್ನಾದರೂ ಒಂದು ಕಡೆ ಇರೋಣ” ಎಂದರು. ಮಗಳ ಮುಖ ಬಾಡಿತು. ನನ್ನ ಪತ್ನಿ, ಅತ್ತೆಯ ಮಾತನ್ನು ಸಾಮಾನ್ಯವಾಗಿ ಅಷ್ಟು ಬೇಗ ಅನುಮೋದಿಸುವ ಸ್ವಭಾವದವಳಲ್ಲದಿದ್ದರೂ, ಅಂದು ತತ್‌ಕ್ಷಣವೇ ಅನುಮೋದಿಸಿದಳು. ವಿಮಾನದ ಚೀಟಿಗಳ ಹಣದಲ್ಲಿ ಒಂದು ಪಾಲು ಹೋಯಿತು. ಪಟ್ಟಿಯಲ್ಲಿ ಎರಡು ಊರುಗಳು ನೋಡದೆಯೇ ಗೀಟಿಗೆ ಒಳಗಾದವು. ಹಾಗೆ ದೊರೆತ, ಯಾವ ಉದ್ದೇಶವೂ ನಿಯೋಜಿತವಾಗಿರದ ಆ ಬರಿದಾದ ದಿನಗಳೇ ಈ ಲೇಖನಕ್ಕೆ ವಿಷಯ.

ಸಿಯೆಮ್ ರೀಪಿನ ಬಳಿಯ ಆಂಕೋರ್ ವಾಟ್ ದೇವಾಲಯದ ಮೊದಲ ದರ್ಶನವು ಆ ವೇಳೆಗಾಗಲೇ ಆಗಿತ್ತು. ಹಾಸನದ ಸೀಮೆಯಲ್ಲಿ ಹುಟ್ಟಿ, ಬೇಲೂರು ಹಳೇಬೀಡುಗಳನ್ನು ನೆಂಟರಿಗೆ ತೋರಿಸುತ್ತಲೇ ಬೆಳೆದವನು ಆ ದೇವಾಲಯವನ್ನು ಯಾವ ಕಣ್ಣಿನಿಂದ ನೋಡಬಹುದೋ ಆ ಕಣ್ಣಿನಿಂದಲೇ ನಾನು ನೋಡಿದೆನೆಂಬುದರಲ್ಲಿ ಆಶ್ಚರ್ಯವಿಲ್ಲ. ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು ೧೧೧೭ರಲ್ಲಿ. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ೧೧೧೩ರಲ್ಲಿ, ಆಂಕೋರ್ ವಾಟನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮನು ಕಾಂಬೋಡಿಯದ ಖ್ಮೇರರ ಸಿಂಹಾಸನವನ್ನು ಏರಿದ್ದನು. ಹೀಗೆ ಇತ್ತ ಯಗಚಿಯ ದಡದಲ್ಲಿ ಬಳಪದ ಕಲ್ಲಿನ ಮೇಲೂ ಅತ್ತ ಕಾಂಬೋಡಿಯದ ಬಯಲಿನಲ್ಲಿ ಮರಳುಗಲ್ಲಿನ ಮೇಲೂ ಸಮಕಾಲೀನರಾದ ಇಬ್ಬರು ಅರಸರ ಶಿಲ್ಪಿಗಳು ವಿಷ್ಣುವಿಗಾಗಿಯೇ ಉಳಿಯಾಡಿಸುತ್ತಿದ್ದರೆಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯ ರೋಮಾಂಚವಾಗುವುದು ಸಹಜ. ಆದರೆ ಪ್ರಮಾಣದಲ್ಲಿ ಎಂತಹ ಅಂತರ! ಆಂಕೋರ್ ವಾಟಿನ ಕಂದಕದ ಅಗಲವೇ ಸುಮಾರು ೧೯೦ ಮೀಟರ್. ಅದರ ಸುತ್ತಳತೆ ೫ ಕಿಲೋಮೀಟರಿಗೂ ಹೆಚ್ಚು. ನಡುವಣ ಶಿಖರ ನೆಲದಿಂದ ೬೫ ಮೀಟರ್ ಎತ್ತರ. ಅಷ್ಟಕ್ಕೂ ಬೇಕಾದ ಕಲ್ಲನ್ನು ಹತ್ತಾರು ಕಿಲೋಮೀಟರ್ ದೂರದ ಕುಲೇನ್ ಬೆಟ್ಟದ ಸೆರಗಿನಿಂದ ಕಾಲುವೆಗಳಲ್ಲಿ ಸಾಗಿಸಿ ತಂದದ್ದು. ಬೇಲೂರಿನ ಗುಡಿಯನ್ನು ಅದರ ಜಗತಿಯ ಸಮೇತ ಎತ್ತಿ ತಂದು ಇಲ್ಲಿನ ಹೊರ ಅಂಗಳದ ಒಂದು ಮೂಲೆಯಲ್ಲಿ ಇರಿಸಬಹುದು. ಈ ಮಾತು ಅಭಿಮಾನಕ್ಕೆ ಕುಂದಾಗಬೇಕಾದದ್ದಿಲ್ಲ. ಏಕೆಂದರೆ ನಮ್ಮ ಶಿಲ್ಪಿಗಳು ಬಳ್ಳಿಗಾವೆಯ ದಾಸೋಜನೆಂದೂ ಅವನ ಮಗ ಚಾವಣನೆಂದೂ ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರನ್ನು ಕೊರೆದಿಟ್ಟು ಹೋದರು, ಆಂಕೋರಿನ ಶಿಲ್ಪಿಗಳಲ್ಲಿ ಒಬ್ಬನ ಹೆಸರೂ ನಮಗೆ ಉಳಿದುಬಂದಿಲ್ಲ. ಅಲ್ಲಿ ಅರಸನು ದೊಡ್ಡವನು, ಇಲ್ಲಿ ಕಸುಬುದಾರನಿಗೂ ಒಂದು ಸ್ಥಾನವುಂಟು ಎಂದು ನಾನು ಆ ದಿನ ಮನಸ್ಸಿನಲ್ಲಿಯೇ ತೀರ್ಪನ್ನು ಬರೆದುಕೊಂಡೆ.

ದೇವಾಲಯದ ಮೂರನೆಯ ಪ್ರಾಕಾರದ ಒಳಗೋಡೆಯ ಮೇಲೆ, ಅರ್ಧ ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ, ಪುರಾಣಗಳೂ ಇತಿಹಾಸವೂ ತೆಳುವಾದ ಉಬ್ಬುಚಿತ್ರಗಳಾಗಿ ಹರಡಿವೆ. ಪಶ್ಚಿಮದ್ವಾರದಿಂದ ಒಳಹೊಕ್ಕವರು ಅವನ್ನು ಬಲಗಡೆಯಿಂದ ನೋಡಲಾರಂಭಿಸಬೇಕೆಂದು ಮಾರ್ಗದರ್ಶಕನು ಕೈತೋರಿದನು. ನಮ್ಮ ತಾಯಿಯವರು ಸುತರಾಂ ಒಪ್ಪಲಿಲ್ಲ. ದೇವರನ್ನು ಎಡಕ್ಕೆ ಮಾಡಿಕೊಂಡು ಯಾರಾದರೂ ಸುತ್ತುವುದುಂಟೇ? ಅವರು ನೇರವಾಗಿ ಎಡಕ್ಕೆ ತಿರುಗಿ, ಸೆರಗನ್ನು ಹೊದ್ದು, ಕೈಮುಗಿದು ಪ್ರದಕ್ಷಿಣೆಯನ್ನು ಪ್ರಾರಂಭಿಸಿದರು. ಮಾರ್ಗದರ್ಶಕನೂ ಸೇರಿದಂತೆ ಎಲ್ಲರೂ ಅವರನ್ನು ಹಿಂಬಾಲಿಸಿದೆವು. ಅದರ ಪರಿಣಾಮವು ವಿನೋದಕರವಾಗಿತ್ತು. ಲಂಕೆಯ ಯುದ್ಧದೊಡನೆ ಆರಂಭವಾಗಿ, ಬಾಣಾಸುರನ ಯುದ್ಧವನ್ನು ಹಾದು ಸಮುದ್ರಮಥನಕ್ಕೆ ಬಂದಾಗ ನಮಗೆ ಮೊದಲು ಎದುರಾದದ್ದು ವಾಸುಕಿಯ ಬಾಲ. ಆ ಬಾಲದ ತುದಿಯನ್ನು ಹಿಡಿದು ನಿಂತಿದ್ದುದು ಒಂದು ಮಹಾಕಪಿ. “ಸಮುದ್ರಮಥನದಲ್ಲಿ ಹನುಮಂತನಿಗೇನು ಕೆಲಸ? ಇವರಿಗೆ ಕಥೆ ಸರಿಯಾಗಿ ಗೊತ್ತಿಲ್ಲ” ಎಂದು ತಾಯಿಯವರು ಆಕ್ಷೇಪಿಸಿದರು. ದಕ್ಷಿಣದ ಗೋಡೆಗೆ ಹೊರಳಿದರೆ ಅಲ್ಲಿ ೩೭ ಸ್ವರ್ಗಗಳು, ೩೨ ನರಕಗಳು. ಹಿಂದಿನಿಂದ ಮುಂದಕ್ಕೆ ಬರುತ್ತಿದ್ದ ನಮಗೆ ಪಾಪಿಗಳನ್ನು ಇರಿಯುವುದು, ಬಡಿಯುವುದು, ಕುದಿಸುವುದು ಎಲ್ಲವೂ ಮೊದಲು ಕಂಡು, ಮಹಿಷಾರೂಢನಾದ ಯಮನೂ ಅವನ ಸಹಾಯಕರಾದ ಧರ್ಮ ಚಿತ್ರಗುಪ್ತರೂ ಬಹಳ ಹೊತ್ತಿನ ಮೇಲೆ ಕಾಣಿಸಿಕೊಂಡರು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. “ನಮ್ಮ ಸ್ಕೂಲಿನ ಹಾಗೇ ಇದೆ” ಎಂದು ಮಗ ಹೇಳಿದನು. ಕುರುಕ್ಷೇತ್ರದ ಫಲಕದಲ್ಲಿ ಶರಶಯ್ಯೆಯ ಮೇಲೆ ಒರಗಿದ ಭೀಷ್ಮನನ್ನು ಯಾರ ನೆರವೂ ಇಲ್ಲದೆ ಗುರುತಿಸಿದ ಸಂತೋಷದಲ್ಲಿ ತಾಯಿಯವರು ಹನುಮಂತನ ವಿಷಯವನ್ನು ಕ್ಷಮಿಸಿದರು.

ಇದು ಮೊದಲ ಸುತ್ತಿನ ವೃತ್ತಾಂತ. ನಾವು ನೋಡಿದ್ದೆಲ್ಲವೂ ನಾವು ಹೊತ್ತುತಂದಿದ್ದುದೇ. ತಂದದ್ದಕ್ಕೆ ಹೊಂದದಿದ್ದುದೆಲ್ಲವೂ ಅವರ ತಪ್ಪು!

ಬರಿದಾದ ದಿನಗಳಲ್ಲಿ ಮೊದಲನೆಯದನ್ನು ಏನೂ ಮಾಡದೆ ಕಳೆದೆವು. ಅದು ಏಪ್ರಿಲ್ ತಿಂಗಳು. ಬೆಳಗಿನ ಒಂಬತ್ತಕ್ಕೆಲ್ಲ ನೆತ್ತಿ ಕಾಯುವ ಬಿಸಿಲು. ಮರುದಿನ ಮೋಟಾರ್‌ಸೈಕಲ್ಲಿನ ಹಿಂದೆ ಗಾಡಿಯನ್ನು ಕಟ್ಟಿದ ಅಲ್ಲಿಯ ಟುಕ್‌ಟುಕ್ಕನ್ನು ಹಿಡಿದು, ೩೦ ಕಿಲೋಮೀಟರಿಗೂ ಹೆಚ್ಚು ದೂರದ ಬಂತೇ ಸ್ರೇಯ್ ಗುಡಿಯತ್ತ ನಿಧಾನವಾಗಿ ಹೊರಟೆವು. ದಾರಿಯಲ್ಲಿ ಪ್ರೇಹ್ ದಾಕ್ ಎಂಬ ಹಳ್ಳಿಯುಂಟು. ಅಲ್ಲಿ ರಸ್ತೆಯ ಮಗ್ಗುಲಲ್ಲಿಯೇ ಹೆಂಗಸರು ತಾಳೆಮರದ ನೀರಾವನ್ನು ಅಗಲವಾದ ಬಾಣಲೆಗಳಲ್ಲಿ ಕಾಯಿಸಿ ಬೆಲ್ಲ ಮಾಡುತ್ತಾರೆ, ತಾಳೆಗರಿಯಲ್ಲಿ ಸುತ್ತಿ ಮಾರುತ್ತಾರೆ. ಪಕ್ಕದ ಅಂಗಡಿಗಳಲ್ಲಿ ನೋಮ್ ಬಾಂಚೋಕ್ ಎಂಬ ಅಕ್ಕಿಯ ತಿಂಡಿ ಸಿಗುತ್ತದೆ. ಬೆಂದ ಹಿಟ್ಟನ್ನು ಅಚ್ಚಿನಲ್ಲಿ ಒತ್ತಿ ಎಳೆಯೆಳೆಯಾಗಿ ಬಿದಿರಬುಟ್ಟಿಯಲ್ಲಿ ಸುರುಳಿ ಸುತ್ತಿಟ್ಟದ್ದನ್ನು ಕಂಡೊಡನೆ ತಾಯಿಯವರು ಗಾಡಿಯನ್ನು ನಿಲ್ಲಿಸಿದರು. ಅದು ಒತ್ತುಶಾವಿಗೆಯಲ್ಲದೆ ಬೇರೆಯಲ್ಲ. ಅದಕ್ಕೆ ಅವರು ಸುರಿಯುವುದು ಮೀನಿನ ಗೊಜ್ಜು; ಪ್ರವಾಸದುದ್ದಕ್ಕೂ ಬಾಳೆಹಣ್ಣು, ಅನ್ನ, ನಾವು ಕೊಂಡೊಯ್ದಿದ್ದ ಚಟ್ನಿಪುಡಿಗಳಲ್ಲಿ ಕಾಲಹಾಕಿದ್ದ ತಾಯಿಯವರು ಗೊಜ್ಜನ್ನು ಕೈಸನ್ನೆಯಿಂದ ನಿವಾರಿಸಿ, ಬರಿಯ ಶಾವಿಗೆಯ ಮೇಲೆ ಆಗತಾನೆ ಇಳಿಸಿದ ತಾಳೆಬೆಲ್ಲವನ್ನು ಹಾಕಿಸಿಕೊಂಡು ತೃಪ್ತಿಯಾಗಿ ಉಂಡರು. ಅಂಗಡಿಯ ಹೆಂಗಸು ಆ ವಿಚಿತ್ರವಾದ ಸಂಯೋಗವನ್ನು ನೋಡಿ ಮೊದಲು ನಕ್ಕಳು. ಆಮೇಲೆ ತಾನೂ ಒಂದಿಷ್ಟು ಹಾಗೆಯೇ ಬೆರೆಸಿ ತಿಂದು ನೋಡಿ, ತಲೆಯಾಡಿಸಿ, ಇನ್ನೊಂದು ಸಟ್ಟುಗ ಬೆಲ್ಲವನ್ನು ದುಡ್ಡಿಲ್ಲದೆ ಬಡಿಸಿದಳು.

ಬಂತೇ ಸ್ರೇಯ್ ರಾಜನು ಕಟ್ಟಿಸಿದ ಗುಡಿಯಲ್ಲ. ಅರಸುಕುಟುಂಬದೊಡನೆ ರಕ್ತಸಂಬಂಧವಿದ್ದ ಯಜ್ಞವರಾಹನೆಂಬ ವಿದ್ವಾಂಸನು ೯೬೭ರಲ್ಲಿ ಪ್ರತಿಷ್ಠಾಪಿಸಿದ್ದು. ಅವನು ಮುಂದೆ ಐದನೆಯ ಜಯವರ್ಮನಿಗೆ ಗುರುವಾದವನು. ನಸುಗೆಂಪು ಮರಳುಗಲ್ಲಿನಲ್ಲಿ, ಮನುಷ್ಯರು ತಲೆ ಬಗ್ಗಿಸಿಯೇ ನುಸುಳಬೇಕಾದಷ್ಟು ಕಿರಿದಾದ ಬಾಗಿಲುಗಳ ಆ ಗುಡಿಯನ್ನು ಕಂಡಾಗ, ಆಂಕೋರ್ ವಾಟಿನ ಮುಂದೆ ನಾನು ಬರೆದುಕೊಂಡಿದ್ದ ತೀರ್ಪು ಅರ್ಧ ಕರಗಿತು. ಕೈಲಾಸವನ್ನು ಅಲುಗಿಸುತ್ತಿರುವ ರಾವಣನನ್ನು ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ನಾವೆಲ್ಲ ಕಂಡಿದ್ದೇವೆ, ಇಲ್ಲಿಯೂ ಅವನಿದ್ದಾನೆ. ಆದರೆ ಇಲ್ಲಿನ ಕೈಲಾಸವು ಖ್ಮೇರರ ಗುಡಿಗಳಂತೆಯೇ ಮೆಟ್ಟಿಲುಮೆಟ್ಟಿಲಾಗಿ ಏರಿದೆ; ತುದಿಯಲ್ಲಿ ಪಾರ್ವತಿ ಬೆದರಿ ಶಿವನನ್ನು ತಬ್ಬಿದ್ದಾಳೆ; ಕೆಳಗೆ ಪ್ರಾಣಿಗಳು ಕಂಗೆಟ್ಟು ಓಡುತ್ತಿವೆ. ಹಳೇಬೀಡಿನ ಶಿಲ್ಪಿಯ ಕುಸುರಿಯು ಇದಕ್ಕಿಂತ ಹೆಚ್ಚಿನದೆಂದು ನಾನು ಈಗಲೂ ಭಾವಿಸುತ್ತೇನೆ, ಭಯದ ಚಿತ್ರಣದಲ್ಲಿ ಮಾತ್ರ ಇಲ್ಲಿನ ಶಿಲ್ಪಿಯದೇ ಮೇಲುಗೈ. ೧೯೨೩ರಲ್ಲಿ ಆಂದ್ರೆ ಮಾಲ್ರೋ ಎಂಬ ಫ್ರೆಂಚ್ ತರುಣನು ಈ ಗುಡಿಯ ದೇವತಾಮೂರ್ತಿಗಳನ್ನು ಗೋಡೆಯಿಂದ ಕಿತ್ತು ಸಾಗಿಸುತ್ತಿದ್ದಾಗ ಸಿಕ್ಕಿಬಿದ್ದು ಬಂಧಿತನಾದನು. ಅವನೇ ಮುಂದೆ ಪ್ರಖ್ಯಾತ ಕಾದಂಬರಿಕಾರನಾದನು, ಫ್ರಾನ್ಸಿನ ಸಂಸ್ಕೃತಿ ಸಚಿವನೂ ಆದನು! ಮೂರ್ತಿಗಳು ಸ್ವಸ್ಥಾನಕ್ಕೆ ಮರಳಿದುವೆಂಬುದೊಂದೇ ಸಮಾಧಾನ.

ಮಕ್ಕಳ ಇಷ್ಟಕ್ಕೂ ಒಂದು ಹಗಲನ್ನು ಬಿಟ್ಟುಕೊಟ್ಟೆವು. ಅವರು ಆರಿಸಿಕೊಂಡದ್ದು ದೇವಾಲಯವನ್ನಲ್ಲ, ಹೆಗ್ಗಣಗಳನ್ನು. ಭೂಮಿಯಲ್ಲಿ ಹುದುಗಿದ ನೆಲಬಾಂಬುಗಳನ್ನು ವಾಸನೆಯಿಂದಲೇ ಪತ್ತೆಮಾಡಲು ಆಫ್ರಿಕದ ದೊಡ್ಡ ಹೆಗ್ಗಣಗಳನ್ನು ಪಳಗಿಸಿರುವ ಅಪೋಪೊ ಎಂಬ ಸಂಸ್ಥೆಯ ಪ್ರದರ್ಶನಕೇಂದ್ರವು ಸಿಯೆಮ್ ರೀಪಿನಲ್ಲಿದೆ. ಬಾಂಬು ಸಿಡಿಯಲು ಬೇಕಾದಷ್ಟು ಭಾರವು ಆ ಪ್ರಾಣಿಗಿಲ್ಲ. ಲೋಹದ ಚೂರುಗಳಿಗೆಲ್ಲ ಕೂಗುವ ಯಂತ್ರದ ಹಾಗೆ ಮೋಸಹೋಗುವುದೂ ಇಲ್ಲ, ಸಿಡಿಮದ್ದಿನ ವಾಸನೆ ಬಂದಲ್ಲಿ ಮಾತ್ರ ನೆಲವನ್ನು ಕೆರೆಯುತ್ತದೆ. ಮಗಾವಾ ಎಂಬ ಹೆಗ್ಗಣಕ್ಕೆ ೨೦೨೦ರಲ್ಲಿ ಬ್ರಿಟನ್ನಿನ ಪ್ರಾಣಿದಯಾಸಂಸ್ಥೆಯೊಂದು ಚಿನ್ನದ ಪದಕವನ್ನೇ ಕೊಟ್ಟಿತು. ಮಗನು ಇದನ್ನೆಲ್ಲ ಕೌತುಕದಿಂದ ಕೇಳಿದನು. ಮಗಳು, ಬಾಂಬುಗಳನ್ನು ಹುಗಿದವರು ಯಾರು, ಏಕೆ ಹುಗಿದರು ಎಂದು ಕೇಳಿದಳು. ೧೯೭೫ರಿಂದ ೧೯೭೯ರವರೆಗೆ ಈ ದೇಶವನ್ನಾಳಿದ ಖ್ಮೇರ್ ರೂಜ್‌ ಪಕ್ಷದ ಕಾಲದಲ್ಲಿ ಹಸಿವು, ದುಡಿಮೆ, ಕೊಲೆಗಳಿಂದ ಜನಸಂಖ್ಯೆಯ ಸುಮಾರು ನಾಲ್ಕನೆಯ ಒಂದು ಪಾಲು ಅಳಿಯಿತೆಂಬುದನ್ನೂ, ಆಮೇಲೆಯೂ ಅಂತರ್ಯುದ್ಧವು ನಿಲ್ಲದೆ ಎಲ್ಲ ಪಕ್ಷದವರೂ ಹೊಲಗಳಲ್ಲಿ ಬಾಂಬು ಬಿತ್ತಿದರೆಂಬುದನ್ನೂ ತಕ್ಕ ಮಟ್ಟಿಗೆ ಹೇಳಿದೆ. ತಾ ಪ್ರೋಮ್ ಗುಡಿಯ ದಾರಿಯಲ್ಲಿ ಮರದಡಿ ಕುಳಿತು ವಾದ್ಯ ನುಡಿಸುತ್ತಿದ್ದವರಿಗೆ ಕಾಲುಗಳೇಕೆ ಇರಲಿಲ್ಲವೆಂಬುದು ಅವಳಿಗೆ ಆಗ ಅರಿವಾಯಿತು.

ತಾ ಪ್ರೋಮನ್ನು ಕುರಿತೂ ಎರಡು ಮಾತು. ಗುಡಿಯ ಮೇಲೆ ಹತ್ತಿ ನಿಂತ ಹೆಮ್ಮರಗಳಿಂದಾಗಿ ಲೋಕಪ್ರಸಿದ್ಧವಾದ ಈ ಸ್ಥಳವನ್ನು ಏಳನೆಯ ಜಯವರ್ಮನು ತನ್ನ ತಾಯಿಯ ಹೆಸರಿನಲ್ಲಿ, ಆಕೆಯನ್ನು ಪ್ರಜ್ಞಾಪಾರಮಿತೆಯ ರೂಪದಲ್ಲಿ ಪ್ರತಿಷ್ಠಿಸಿ ಕಟ್ಟಿಸಿದನು. ೧೧೮೬ರ ಅಲ್ಲಿನ ಸಂಸ್ಕೃತ ಶಾಸನವು ರಾಜ್ಯದಲ್ಲಿ ೧೦೨ ಆರೋಗ್ಯಶಾಲೆಗಳಿದ್ದವೆಂದು ಲೆಕ್ಕ ಕೊಡುತ್ತದೆ. ಮಗನು ತಾಯಿಗಾಗಿ ಗುಡಿ ಕಟ್ಟಿಸಿದ್ದನ್ನು ಕೇಳಿ ನಮ್ಮ ತಾಯಿಯವರು ನನ್ನತ್ತ ನೋಡಿದ ನೋಟವನ್ನು ವರ್ಣಿಸಲಾರೆ. ಗೋಡೆಗಳನ್ನು ತಬ್ಬಿರುವ ಬಿಳಿಕಾಂಡದ ಆ ಮಹಾವೃಕ್ಷಜಾತಿಯು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಉಂಟು; ಅಲ್ಲಿ ಅದಕ್ಕೆ ಹತ್ತಿ ನಿಲ್ಲಲು ಗುಡಿ ದೊರೆಯಲಿಲ್ಲ, ಅಷ್ಟೆ. ಮರವನ್ನು ಕಡಿದರೆ ಗೋಡೆ ಕುಸಿಯುತ್ತದೆ, ಬಿಟ್ಟರೂ ಕುಸಿಯುತ್ತದೆ ಎಂಬ ಈ ಕಗ್ಗಂಟನ್ನು ಬಿಡಿಸುವ ಕೆಲಸದಲ್ಲಿ ಭಾರತದ ಪುರಾತತ್ತ್ವ ಇಲಾಖೆಯು ಬಹುಕಾಲದಿಂದ ತೊಡಗಿದೆ. ಅದಕ್ಕೂ ಮುನ್ನ, ಹೊರಗಿನವರು ಬರಲು ಅಂಜುತ್ತಿದ್ದ ೧೯೮೬ರಿಂದ ೧೯೯೩ರವರೆಗಿನ ಕಾಲದಲ್ಲಿ, ಅದೇ ಇಲಾಖೆಯವರು ಆಂಕೋರ್ ವಾಟಿನಲ್ಲಿ ದುರಸ್ತಿಯನ್ನು ನಡೆಸಿದ್ದರು. ಕಲ್ಲನ್ನು ತೊಳೆಯಲು ರಾಸಾಯನಿಕಗಳನ್ನು ಬಳಸಿದರೆಂಬ ಟೀಕೆಗೆ ಗುರಿಯಾದರೂ, ಯುದ್ಧದ ನಡುವೆ ಅಲ್ಲಿಗೆ ಹೋದವರು ಅವರೆಂಬುದನ್ನು ಮರೆಯುವುದು ನ್ಯಾಯವಲ್ಲ.

ತೋನ್ಲೆ ಸಾಪ್ ಸರೋವರಕ್ಕೂ ಹೋದೆವು. ಮುಂಗಾರಿನಲ್ಲಿ ಮೆಕಾಂಗ್ ನದಿಯು ಉಬ್ಬಿದಾಗ ಅದರ ನೀರು ಉಪನದಿಯೊಳಕ್ಕೆ ನುಗ್ಗಿ, ಸರೋವರದಿಂದ ಹೊರಕ್ಕೆ ಹರಿಯಬೇಕಾದ ಹೊಳೆಯು ಹಿಮ್ಮುಖವಾಗಿ ಒಳಕ್ಕೆ ಹರಿಯುತ್ತದೆ. ಬೇಸಗೆಯಲ್ಲಿ ೨೫೦೦ ಚದರ ಕಿಲೋಮೀಟರಿನಷ್ಟಿರುವ ಸರೋವರವು ಆಗ ೧೫,೦೦೦ಕ್ಕೂ ಮೇಲಕ್ಕೆ ಹಿಗ್ಗುತ್ತದೆ. ನಾವು ಕಂಡದ್ದು ಬೇಸಗೆಯ ಸ್ಥಿತಿಯನ್ನು: ಬಿರುಕುಬಿಟ್ಟ ನೆಲದ ಮೇಲೆ ಬಹು ಎತ್ತರದ ಕಂಬಗಳ ತುದಿಯಲ್ಲಿ ನಿಂತ ಮನೆಗಳು, ಕೆಳಗೆ ಬಲೆ ಹೆಣೆಯುವ ಗಂಡಸರು. ದೋಣಿಯವನು ಕೇಳಿದ ಬಾಡಿಗೆ ವಿಪರೀತವಾಗಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇಷ್ಟರಲ್ಲಿ ಊರಿನ ಅಂಗಡಿ ಬೀದಿಗಳಲ್ಲಿ ಒಂದು ಬಗೆಯ ಗಡಿಬಿಡಿಯು ಕಾಣಿಸಿಕೊಳ್ಳತೊಡಗಿತು. ಖ್ಮೇರರ ಹೊಸ ವರ್ಷವು ಏಪ್ರಿಲ್ ತಿಂಗಳ ನಡುವೆ, ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಕಾಲದಲ್ಲಿ ಬರುತ್ತದೆ. ಮೂರು ದಿನಗಳ ಹಬ್ಬದ ಮೊದಲ ದಿನವು ಅವರಿಗೆ ಮಹಾಸಂಕ್ರಾಂತಿ. ಹಾಸನದವರಾದ ನಾವು ಚಾಂದ್ರಮಾನದ ಯುಗಾದಿಯನ್ನು ಮುಗಿಸಿಕೊಂಡೇ ಹೊರಟಿದ್ದೆವು. ಪುತ್ತೂರಿನ ಕಡೆಯವಳಾದ ನನ್ನ ಪತ್ನಿಗೆ ಮಾತ್ರ ಆ ಮೇಷಸಂಕ್ರಮಣವೇ ಬಿಸುಹಬ್ಬ. ಹಬ್ಬದ ಬೆಳಗ್ಗೆ ಮೊದಲು ಕಾಣಬೇಕಾದ ಕಣಿಯು ಪರದೇಶದಲ್ಲಿ ಎಲ್ಲಿಂದ ಬರಬೇಕೆಂದು ನಾನು ಕೇಳಿದರೆ, ಅವಳು ಹಿಂದಿನ ರಾತ್ರಿಯೇ ವಸತಿಗೃಹದ ಚಹದ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಮಾವಿನಹಣ್ಣು, ಬಾಳೆಹಣ್ಣುಗಳನ್ನು ಜೋಡಿಸಿ ಕೈಗನ್ನಡಿಯೊಂದನ್ನು ಇರಿಸಿದ್ದಳು. ಬೆಳಗ್ಗೆ ನಾವು ಕಣಿ ಕಂಡು ಕೆಳಗಿಳಿದು ಬಂದರೆ, ಅಂಗಳದಲ್ಲಿ ವಸತಿಗೃಹದ ನೌಕರರು ಹೂವಿನ ಮಂಟಪದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಧೂಪಗಳ ಜೊತೆಗೆ ತಂಪುಪಾನೀಯದ ಡಬ್ಬಿಗಳನ್ನೂ ಸಾಲಾಗಿ ಇರಿಸಿ ಹೊಸ ವರ್ಷದ ದೇವತೆಯ ಆಗಮನಕ್ಕಾಗಿ ಕಾಯುತ್ತಿದ್ದರು.

ಆ ದೇವತೆಯ ಕಥೆಯನ್ನು ಮಗನಿಗೆ ಹೇಳಿದವನು ಅಲ್ಲಿಯ ಕಾವಲುಗಾರ. ನಾಲ್ಕು ಮುಖಗಳ ಕಪಿಲ ಮಹಾಬ್ರಹ್ಮನು ಧರ್ಮಪಾಲನೆಂಬ ಜಾಣನಿಗೆ ಒಂದು ಒಗಟನ್ನು ಒಡ್ಡಿದನಂತೆ: ಮನುಷ್ಯನ ಶ್ರೀಯು ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಲ್ಲೆಲ್ಲಿ ಇರುತ್ತದೆ? ಸೋತವನ ತಲೆ ಗೆದ್ದವನಿಗೆ. ಪಕ್ಷಿಗಳ ಭಾಷೆಯನ್ನು ಬಲ್ಲ ಧರ್ಮಪಾಲನು ಹದ್ದಿನ ದಂಪತಿಗಳ ಸಂಭಾಷಣೆಯನ್ನು ಕೇಳಿ, ಬೆಳಗ್ಗೆ ಮುಖದಲ್ಲಿ, ಮಧ್ಯಾಹ್ನ ಎದೆಯಲ್ಲಿ, ಸಂಜೆ ಪಾದಗಳಲ್ಲಿ ಎಂದು ಬಿಡಿಸಿದನು. ಬ್ರಹ್ಮನು ತಲೆಯನ್ನು ಕೊಟ್ಟನು. ನೆಲಕ್ಕೆ ಬಿದ್ದರೆ ಲೋಕವನ್ನೇ ಸುಡಬಲ್ಲ ಆ ತಲೆಯನ್ನು ಕೈಲಾಸದ ಗುಹೆಯಲ್ಲಿ ಇರಿಸಿ, ಅವನ ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳು ವರ್ಷಕ್ಕೊಮ್ಮೆ ಹೊತ್ತು ಮೇರುವಿಗೆ ಪ್ರದಕ್ಷಿಣೆ ಬರುತ್ತಾಳೆ. ಹೊಸ ವರ್ಷವು ಯಾವ ವಾರದಂದು ಹುಟ್ಟುವುದೋ ಆ ವಾರದವಳದು ಆ ವರ್ಷದ ಸರದಿ. ಅದಕ್ಕಾಗಿಯೇ ಹಬ್ಬದ ದಿನ ಅವರು ಬೆಳಗ್ಗೆ ಮುಖವನ್ನೂ ಮಧ್ಯಾಹ್ನ ಎದೆಯನ್ನೂ ಸಂಜೆ ಕಾಲುಗಳನ್ನೂ ತೊಳೆಯುತ್ತಾರೆ. ಕಪಿಲನೂ ಕೈಲಾಸವೂ ಮೇರುವೂ ನಮಗೆ ಪರಿಚಿತರೇ. ಈ ಕಥೆಯನ್ನು ಮಾತ್ರ ನಮ್ಮ ತಾಯಿಯವರು ಎಂದೂ ಕೇಳಿರಲಿಲ್ಲ. ಕಥೆಯನ್ನು ಮಗನ ಬಾಯಿಂದ ಕೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಚೆನ್ನಾಗಿದೆ” ಎಂದರು, ತಪ್ಪೆಂದು ಹೇಳಲಿಲ್ಲ.

ಅಂದು ಮಧ್ಯಾಹ್ನದ ಮೇಲೆ ಆಂಕೋರ್ ವಾಟಿಗೆ ಎರಡನೆಯ ಸಲ ಹೋದೆವು. ಅದೇ ದೇವಾಲಯವೆಂದು ನಂಬುವುದು ಕಷ್ಟವಾಯಿತು. ಮೊದಲ ಸಲ ಅಲ್ಲಿ ತುಂಬಿದ್ದವರು ಕ್ಯಾಮೆರ ಹಿಡಿದ ಪರದೇಶಿಗಳು. ಈಗ ದೇಶದ ಮೂಲೆಮೂಲೆಯಿಂದ ಬಂದ ಖ್ಮೇರ್ ಸಂಸಾರಗಳು ಮರದ ನೆರಳುಗಳಲ್ಲಿ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಕೂಸುಗಳನ್ನು ಮಲಗಿಸಿ, ಕಂದಕದ ದಂಡೆಯುದ್ದಕ್ಕೂ ಹಬ್ಬವನ್ನು ಹರಡಿಕೊಂಡಿದ್ದವು. ತರುಣರು ಒಬ್ಬರ ಮುಖಕ್ಕೊಬ್ಬರು ಬಿಳಿಯ ಪುಡಿಯನ್ನು ಬಳಿದು ನೀರೆರಚುತ್ತಿದ್ದರು. ಪಶ್ಚಿಮಗೋಪುರದಲ್ಲಿ ಎಂಟು ಕೈಗಳ ವಿಷ್ಣುಮೂರ್ತಿಯೊಂದು ನಿಂತಿದೆ. ಮೊದಲ ಸಲ ನಾವು ಅದಕ್ಕೆ ಕೈಮುಗಿದು, ಶಂಖಚಕ್ರಗಳೆಲ್ಲಿ ಎಂದು ಹುಡುಕಿ, ಮುಂದಕ್ಕೆ ಸಾಗಿದ್ದೆವು. ಅವರಿಗೆ ಅದು ತಾ ರೀಚ್, ಈ ಸ್ಥಳವನ್ನು ಕಾಯುವ ಅಜ್ಜ. ಹಳದಿಯ ರೇಷ್ಮೆ ಉಡಿಸಿದ ಆ ಮೂರ್ತಿಯ ಮುಂದೆ ಊದುಬತ್ತಿಯ ಹೊಗೆಯಲ್ಲಿ ಮಂಡಿಯೂರಿದ ಹೆಂಗಸರು ಹೇಳಿಕೊಳ್ಳುತ್ತಿದ್ದ ಹರಕೆಯಲ್ಲಿ ವೈಕುಂಠಕ್ಕೆ ಸಂಬಂಧಪಟ್ಟದ್ದು ಯಾವುದೂ ಇರಲಾರದು. ಭಕ್ತಿಯಲ್ಲಿ ಮಾತ್ರ ಕೊರತೆಯಿರಲಿಲ್ಲ.

ಜನರೊಡನೆ ಒಳಹೊಕ್ಕಾಗ ತಾಯಿಯವರು ಎಡಕ್ಕೆ ತಿರುಗುವರೆಂದು ನಾವೆಲ್ಲ ಕಾದೆವು. ಈ ನಡುವೆ ಮಗಳು ಎಲ್ಲಿಯೋ ಓದಿ ಅಜ್ಜಿಗೆ ಒಂದು ವಿಷಯವನ್ನು ಹೇಳಿದ್ದಳು: ಈ ದೇವಾಲಯವು ಪಶ್ಚಿಮಾಭಿಮುಖವಾಗಿರುವುದರಿಂದಲೂ ಚಿತ್ರಗಳ ಕ್ರಮವು ಅಪ್ರದಕ್ಷಿಣವಾಗಿರುವುದರಿಂದಲೂ ಇದನ್ನು ಸೂರ್ಯವರ್ಮನು ತನ್ನ ಮರಣಾನಂತರದ ಸದ್ಗತಿಗಾಗಿ ಕಟ್ಟಿಸಿಕೊಂಡನೆಂದು ವಿದ್ವಾಂಸರು ಊಹಿಸುತ್ತಾರೆ. ತಾಯಿಯವರು ಒಂದು ಗಳಿಗೆ ನಿಂತು, “ಅಪರಕರ್ಮಕ್ಕೆ ಅಪ್ರದಕ್ಷಿಣೆಯೇ ಸರಿ. ನಮ್ಮಲ್ಲೂ ಹಾಗೇ ಅಲ್ಲವೇನೋ?” ಎಂದು ಹೇಳಿ ಬಲಕ್ಕೆ ತಿರುಗಿದರು.

ಆ ಸುತ್ತಿನಲ್ಲಿ ನಾವು ಕಂಡದ್ದು ಬೇರೆಯೇ ದೇವಾಲಯ. ಕುರುಕ್ಷೇತ್ರದಲ್ಲಿ ಭೀಷ್ಮನನ್ನು ಗುರುತಿಸಿ ಆಗಿತ್ತಾದ್ದರಿಂದ ಈಗ ಕಣ್ಣು ಹೆಸರಿಲ್ಲದ ಕಾಲಾಳುಗಳ ಮೇಲೆ ಬಿತ್ತು: ಸಾಲಾಗಿ ನುಗ್ಗುವವರು, ಬಿದ್ದವರು, ಬಿದ್ದವರನ್ನು ತುಳಿಯುವವರು. ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಸೇನೆಯಿದೆ. ಮೊದಲ ಸಲ, ಪುರಾಣವಲ್ಲವೆಂಬ ಕಾರಣಕ್ಕೆ ಅದನ್ನು ನಾವು ದಾಟಿಹೋಗಿದ್ದೆವು. ಪರಿವಾರದ ನಡುವೆ ಆಸನಾರೂಢನಾದ ಅರಸ, ಆನೆಗಳ ಮೇಲೆ ಛತ್ರಗಳ ಕೆಳಗೆ ಹೆಸರು ಕೆತ್ತಿಸಿಕೊಂಡ ದಂಡನಾಯಕರು, ಅವರ ಹಿಂದುಮುಂದೆ ಶಿಸ್ತಾಗಿ ಹೆಜ್ಜೆಯಿಡುವ ಖ್ಮೇರ್ ಸೈನಿಕರು. ಅದಕ್ಕೆ ವ್ಯತಿರಿಕ್ತವಾಗಿ ಕುಚ್ಚುಕುಚ್ಚಿನ ಉಡುಪಿನ, ಸಾಲು ಮುರಿದು ಅತ್ತಿತ್ತ ನೋಡುವ ಸಯಾಮಿ ಕೂಲಿಪಡೆ. ನೆರೆಯವರನ್ನು ಕುರಿತ ತಾತ್ಸಾರವು ಕಲ್ಲಿನಲ್ಲಿಯೂ ಅಡಗಲಿಲ್ಲ! ಯಮನು ಈ ಸಲ ನರಕಕ್ಕೆ ಮೊದಲೇ ಬಂದನು; ವಿಚಾರಣೆಯಾದ ಮೇಲೆಯೇ ಶಿಕ್ಷೆಯಾಯಿತು. ಸಮುದ್ರಮಥನದ ೪೯ ಮೀಟರ್ ಉದ್ದದ ಫಲಕವು ೯೨ ಅಸುರರಿಂದ ತೊಡಗಿ, ನಡುವೆ ವಿಷ್ಣುವನ್ನು ಹಾದು, ೮೮ ದೇವತೆಗಳ ಮೂಲಕ ಸಾಗಿ, ಕೊನೆಗೆ ಆ ಮಹಾಕಪಿಯ ಕೈಯಲ್ಲಿ ಮುಗಿಯಿತು. ಎಡದಿಂದ ಬಲಕ್ಕೆ ನಡೆದು ನೋಡಿದಾಗ, ಅಷ್ಟು ಉದ್ದದ ಎಳೆತವನ್ನು ತುದಿಯಲ್ಲಿ ಬಿಗಿಹಿಡಿದು ನಿಲ್ಲಿಸಲು ಯಾರಾದರೊಬ್ಬ ಬಲಶಾಲಿ ಬೇಕೇ ಬೇಕೆಂಬುದು ಶಿಲ್ಪಿಯ ಕಣ್ಣಿನಿಂದ ಸ್ವತಸ್ಸಿದ್ಧವಾಗಿ ತೋರಿತು. ತಾಯಿಯವರು ಈ ಸಲ ಆಕ್ಷೇಪವೆತ್ತಲಿಲ್ಲ. ಅವರು ಗೋಡೆಯನ್ನು ಬಿಟ್ಟು ಜನರನ್ನು ನೋಡುತ್ತಿದ್ದರು. “ಇಷ್ಟು ಜನರಲ್ಲಿ ನನ್ನ ವಯಸ್ಸಿನವರು ಕಾಣಿಸೋದೇ ಅಪರೂಪ ಅಲ್ಲವೇನೋ” ಎಂದರು. ನಾನು ಸುತ್ತ ನೋಡಿದೆ. ತರುಣರು, ಮಕ್ಕಳು, ಮಧ್ಯವಯಸ್ಕರು ತುಂಬಿದ್ದರು. ತೀರ ವೃದ್ಧರಾದವರು ಅಲ್ಲೊಬ್ಬರು ಇಲ್ಲೊಬ್ಬರು. ೧೯೭೫ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಇರಬೇಕಾಗಿದ್ದ ವಯಸ್ಸು ಅದು. ಮಗಳಿಗೂ ಅರ್ಥವಾಯಿತು.

ನಮ್ಮಲ್ಲಿ ಒಂದು ಕಾಲಕ್ಕೆ ‘ಬೃಹದ್ಭಾರತ’ ಎಂಬ ಮಾತು ಬಹು ಪ್ರಚಾರದಲ್ಲಿತ್ತು. ಈಗಲೂ ಆಂಕೋರಿಗೆ ಹೋಗಿಬಂದ ನಮ್ಮವರು ಸಭೆಗಳಲ್ಲಿ, ‘ಅದೆಲ್ಲವೂ ನಮ್ಮದೇ’ ಎಂದು ಎದೆತಟ್ಟಿ ಹೇಳುವುದನ್ನು ಕೇಳುತ್ತೇವೆ. ಮೊದಲ ಸುತ್ತಿನ ಮಟ್ಟಿಗೆ ಆ ಮಾತು ಸುಳ್ಳಲ್ಲ: ಶಾಸನಗಳ ಸಂಸ್ಕೃತ, ಪಲ್ಲವರ ಲಿಪಿಯಿಂದ ಹುಟ್ಟಿದ ಅಕ್ಷರಗಳು, ಗೋಡೆಯ ಮೇಲಿನ ಭಾರತ ರಾಮಾಯಣಗಳು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಆದರೆ ಅವರು ತೆಗೆದುಕೊಂಡದ್ದನ್ನು ಇದ್ದಂತೆಯೇ ಕಾಪಾಡಿಕೊಂಡು ಬಂದ ಕಾವಲುಗಾರರಲ್ಲ. ಮುರಿದು, ಕೂಡಿಸಿ, ಹನುಮಂತನನ್ನು ಬೇಕಾದೆಡೆ ನಿಲ್ಲಿಸಿ, ವಿಷ್ಣುವಿನ ಗುಡಿಯಲ್ಲಿ ಬುದ್ಧನನ್ನು ಕೂರಿಸಿ, ವಿಷ್ಣುವನ್ನು ಊರಕಾಯುವ ಅಜ್ಜನನ್ನಾಗಿ ಮಾಡಿಕೊಂಡು, ಎಂಟು ಶತಮಾನಗಳಿಂದ ಅದರೊಳಗೆ ಬದುಕಿದವರು. ಅಂತಹವರ ಹಬ್ಬದ ದಿನ ಅವರ ಅಂಗಳದಲ್ಲಿ ನಿಂತು ಇದು ನಮ್ಮದೆಂದು ಹೇಳುವುದಕ್ಕೆ ಯಾರಿಗಾದರೂ ನಾಲಗೆ ಹೊರಳೀತೆಂದು ನನಗೆ ತೋರುವುದಿಲ್ಲ.

ಹೊಸ ವಿಮಾನನಿಲ್ದಾಣವು ಊರಿನಿಂದ ಬಹುದೂರದಲ್ಲಿರುವುದರಿಂದ ಹೊರಡುವ ದಿನ ನಸುಕಿನಲ್ಲಿಯೇ ಏಳಬೇಕಾಯಿತು. ಸಾಮಾನಿನ ತೂಕವು ಮಿತಿಯನ್ನು ಮೀರಿದ್ದಕ್ಕೆ ತಾಳೆಬೆಲ್ಲವೇ ಕಾರಣವೆಂದು ಪತ್ನಿಯೂ, ಅವಳು ಬ್ಯಾಂಕಾಕಿನಲ್ಲಿ ಕೊಂಡ ಸೀರೆಯ ಬಟ್ಟೆಗಳೇ ಕಾರಣವೆಂದು ತಾಯಿಯವರೂ ವಾದಿಸಿದರು. ದಂಡವನ್ನು ತೆತ್ತವನು ನಾನು.

ಆಂಕೋರಿಗೆ ಹೋಗಬೇಕೆಂದಿರುವ ಓದುಗರಿಗೆ ನನ್ನದೊಂದು ವಿಜ್ಞಾಪನೆ. ಪ್ರವಾಸದ ಪಟ್ಟಿಯ ಕಡೆಯ ಭಾಗದಲ್ಲಿ ಎರಡು ಊರುಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿರಿ; ಉಳಿದ ದಿನಗಳಲ್ಲಿ ಒಮ್ಮೆ ನೋಡಿದ ಗೋಡೆಯನ್ನೇ ಮತ್ತೊಮ್ಮೆ ನೋಡಿರಿ; ಸಾಧ್ಯವಾದರೆ ಏಪ್ರಿಲ್ ಹಬ್ಬದ ಸಮಯದಲ್ಲಿ, ಬಿಸಿಲಿಗೆ ಅಂಜದೆ, ಹೋಗಿರಿ. ಒಂದು ದಿನದ ಪ್ರವೇಶಚೀಟಿಗೆ ೩೭ ಡಾಲರ್, ಮೂರು ದಿನಗಳದಕ್ಕೆ ೬೨ ಡಾಲರ್. ಮೂರು ದಿನಗಳ ಚೀಟಿಯನ್ನು ಒಂದೇ ಸಮನೆ ಬಳಸಬೇಕೆಂಬ ನಿಯಮವಿಲ್ಲ, ಕೊಂಡ ಹತ್ತು ದಿನಗಳೊಳಗೆ ಯಾವ ಮೂರು ದಿನಗಳಲ್ಲಾದರೂ ಬಳಸಬಹುದು. ೧೨ ವರ್ಷ ತುಂಬದ ಮಕ್ಕಳಿಗೆ ಚೀಟಿ ಬೇಡ. ವಯಸ್ಸಿನ ಪುರಾವೆಗೆ ಅವರ ಪಾಸ್‌ಪೋರ್ಟು ಮಾತ್ರ ಜೊತೆಯಲ್ಲಿರಬೇಕು.